ಪಟ್ಟಣ ಮಗುಚಿದ್ದು

ಕಿಟಕಿಯ ಪಕ್ಕದ ಮೇಜು,
ಭಾನುವಾರ, ಸಂಜೆ ಐದು

ಪ್ರೀತಿಯ ಮಗಳಿಗೆ,

ನಿನ್ನೆ ನಿನ್ನ ಪ್ರಶ್ನೆಗೆ ಉತ್ತರವನ್ನೇ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ನೀನು ಫೋನು ಕುಕ್ಕಿಬಿಟ್ಟೆ. ಇರಲಿ, ಮೊದಲು ಕೇಳಬೇಕಾದ್ದು ಕೇಳುತ್ತೇನೆ. ಬೆನ್ನುನೋವು ಹೇಗಿದೆ? ಪುಟ್ಟಿಯ ಕೆಮ್ಮು ಇಳಿಯಿತೇ? ದಿನವಿಡೀ ಬಗ್ಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು ಕುರ್ಚಿಯನ್ನಾದರೂ ಸರಿಯಾದ್ದು ತರಿಸಿಕೋ. ನಾನು ಚೆನ್ನಾಗಿದ್ದೇನೆ. ಮಂಡಿಯನ್ನು ಬಿಟ್ಟರೆ, ಪಾದ್ರಿಯನ್ನು ಬಿಟ್ಟರೆ, ನಿನ್ನನ್ನು ಬಿಟ್ಟರೆ ನನಗೆ ಯಾರ ಕಾಟವೂ ಇಲ್ಲ.

ನಿನ್ನೆ ನೀನು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ನಮ್ಮನೆಗೆ ಬರ್ತೀಯೋ ಇಲ್ವೋ?" ಅದಕ್ಕೆ ನಾನು ಬೈಬಲಿನಲ್ಲಿ ಮೀನಿನ ಹೊಟ್ಟೆಯಿಂದ ಹೊರಬಂದ ಪ್ರವಾದಿಯ ಕಥೆ ಶುರುಮಾಡಿದೆ, ಒಪ್ಪುತ್ತೇನೆ. ನಿನ್ನ ಅಮ್ಮ ಇದ್ದಿದ್ದರೆ "ಸಾಕು ನಿಲ್ಲಿಸ್ರೀ, ಕೇಳಿದ್ದಕ್ಕೆ ಹೇಳಿ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ನನ್ನ ಮಾತಿಗೆ ಪೂರ್ಣವಿರಾಮ ಹಾಕುವವರೇ ಇಲ್ಲ. ಆದರೆ ಕಥೆಗೂ ನಿನ್ನ ಪ್ರಶ್ನೆಗೂ ಸಂಬಂಧವಿದೆ, ಸ್ವಲ್ಪ ತಾಳು.

ನಮ್ಮ ಎಳೆಯ ಪಾದ್ರಿ ಈ ವಾರ ಚರ್ಚಿನಲ್ಲಿ ಹೇಳುವ ಪ್ರಸಂಗವನ್ನು ಕರಪತ್ರವಾಗಿ ಅಚ್ಚು ಹಾಕಿಸಲು ಕರಡನ್ನು ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ಸುಮ್ಮನೆ ಬಿಡುತ್ತೇನೆಯೇ? ಅದೇ ಪ್ರವಾದಿ ಒಂದು ಪಾಪಿಷ್ಠ ಪಟ್ಟಣಕ್ಕೆ ನಲವತ್ತು ದಿನದ ಗಡುವು ಕೊಟ್ಟ ಜಾಗದಲ್ಲಿ "ಪಟ್ಟಣ ಮಗುಚುವುದು" ಅಂತಿತ್ತು. ಮಗುಚಲು ಅದೇನು ರೊಟ್ಟಿಯೇ? ಕೆಂಪು ಶಾಯಿಯಲ್ಲಿ ಹೊಡೆದುಹಾಕಿ "ನಾಶವಾಗುವುದು" ಅಂತ ಮಾಡಿದೆ. ಇನ್ನೂರು ಪ್ರತಿ ಅಚ್ಚಾಗಿ ಬಂತು. ಇವತ್ತು ಬೆಳಿಗ್ಗೆ ಆ ಮನುಷ್ಯ ಕರಪತ್ರ ಹಿಡಿದು ತಲೆ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಹೀಬ್ರೂ ಭಾಷೆಯ ಆ ಪದಕ್ಕೆ ಎರಡು ಅರ್ಥವಂತೆ: ಹಾಳಾಗುವುದು, ಬದಲಾಗುವುದು. ದೋಣಿ ಮಗುಚಿದರೆ ಮುಳುಗುತ್ತದೆ, ರೊಟ್ಟಿ ಮಗುಚಿದರೆ ಬೇಯುತ್ತದೆ. "ಜನ ಪಶ್ಚಾತ್ತಾಪಪಟ್ರು, ಪಟ್ಟಣ ಮಗುಚ್ತು, ಉಳೀತು. ಇಡೀ ಪ್ರಸಂಗ ನಿಂತಿದ್ದೇ ಆ ಪದದ ಮೇಲೆ ಅಂಕಲ್!" ಮಗುಚುವುದಕ್ಕೆ ನನ್ನ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಓವರ್‌ಥ್ರೋ, ಓವರ್‌ಟರ್ನ್, ಟರ್ನೋವರ್ ಅಂತ ಮೂರು ಹೇಳಿಕೊಟ್ಟಿದ್ದರು. ಯಾವುದಕ್ಕೆ ಯಾವ ಅರ್ಥವೋ ಮರೆತಿದೆ. ಮೂರರಲ್ಲೂ ಓವರ್ ಇತ್ತಲ್ಲ, ಹಾಗಾಗಿ ಪಟ್ಟಣದ ಕಥೆ ಓವರ್ ಅಂದುಕೊಂಡೆ.

ಸಾಲದ್ದಕ್ಕೆ ನಮ್ಮ ಬೀದಿಯ ದರ್ಜಿ ಎಲ್ಲರ ಮುಂದೆ ಕೇಳಿದ: "ಊರು ಉಳೀತು ಅಂತ ಆ ಪ್ರವಾದಿ ಮುಖ ಊದಿಸಿಕೊಂಡು ಊರಾಚೆ ಕೂತನಂತಲ್ಲ ಯಜಮಾನ್ರೇ, ಹೇಳಿದ ಕೇಡು ಆಗಲಿಲ್ಲ ಅಂತ ಯಾರಾದ್ರೂ ಸಿಟ್ಟಾಗ್ತಾರಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗಂಡನ ಮನೆ ಬಿಟ್ಟು ಪುಟ್ಟಿಯನ್ನೆತ್ತಿಕೊಂಡು ನೀನು ಬಂದ ದಿನ ಹೊಸ್ತಿಲಲ್ಲೇ ತಡೆದು, "ನಲವತ್ತು ದಿನ ನೋಡ್ತೀನಿ, ಹಾಳಾಗಿ ಹೋಗ್ತೀಯ" ಅಂತ ಗಡುವು ಕೊಟ್ಟವನು ಯಾರು? ಎರಡು ವರ್ಷವಾಯಿತು. ನಿನ್ನ ರಿಪೇರಿ ಅಂಗಡಿಗೆ ಬೋರ್ಡು ಬಂತು, ಪುಟ್ಟಿ ಶಾಲೆಗೆ ಸೇರಿದಳು. ಹಾಳಾಗುವ ಲಕ್ಷಣವೇ ಕಾಣುತ್ತಿಲ್ಲ. ನನ್ನ ಅವಸ್ಥೆ ನೋಡು!

ಎಚ್ಚರಿಕೆ ಕೊಡುವುದೇ ಅದು ನಿಜವಾಗದಿರಲಿ ಎನ್ನುವುದಕ್ಕೆ ಎಂದು ಪಾದ್ರಿ ಇನ್ನೂ ಏನೇನೋ ಹೇಳಿದರು, ಅದನ್ನೆಲ್ಲ ಬರೆಯೋಣವೆಂದಿದ್ದೆ. ಬೆಳಕು ಹೋಗುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಪುಟ್ಟಿಯ ತಲೆ ಸವರಿದೆ ಅಂತ ಹೇಳು. ದೇವರು ನಿಮ್ಮಿಬ್ಬರ ಮನೆಯನ್ನು ಕಾಯಲಿ.

ನಿನ್ನ
ಅಪ್ಪ

ತಾ.ಕ.: ನಲವತ್ತೊಂದನೆಯ ದಿನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ, ನೀನು ಅಳುತ್ತಾ ಬರುವುದನ್ನು ನೋಡಲು. ನೀನು ಬರಲಿಲ್ಲ. ನನಗೆ ಸಿಟ್ಟು ಬಂತು. ಅಪ್ಪನಾದವನಿಗೆ ಬರಬಾರದ ಸಿಟ್ಟು. ತಪ್ಪಾಯಿತು ಮಗಳೇ. ಶನಿವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಬೇಡವಾದರೆ ಶುಕ್ರವಾರದೊಳಗೆ ಫೋನು ಮಾಡಿ ಹೇಳು. ಹೇಳಬೇಡ.