ಕನಸಿನಲ್ಲಿ ಬಂದ ದಡಿ

ಬನಹಟ್ಟಿ,
೨೧ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅತ್ತೀ,

ಹೇಗಿದ್ದೀಯ? ಬೀಳಗಿಯ ನೀರು ಗಂಟಲಿಗೆ ಹೊಂದಿತೇ? ಆ ಬಾಡಿಗೆ ಕೋಣೆಯ ಚಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಅವ್ವ ಕಟಕರೊಟ್ಟಿ, ಅಗಸಿ ಹಿಂಡಿ ಕಟ್ಟಿಟ್ಟಿದ್ದಾಳೆ. ತಮ್ಮ ಅಮಿತ ನಾಳೆ ಮುಂಜಾನೆ ನೂಲು ತರಲು ಆ ಕಡೆ ಹೊರಟಿದ್ದಾನೆ, ಈ ಪತ್ರವೂ ಅವನ ಕೈಯಲ್ಲೇ ಬರುತ್ತದೆ. ಅಪ್ಪ ಊಟಕ್ಕೆ ಕೂತಾಗಲೆಲ್ಲ "ನಮ್ಮ ತಂಗಿ ಉಂಡಾಳೋ ಇಲ್ಲೋ" ಅನ್ನುತ್ತಾನೆ, ಆಮೇಲೆ ತಾನೂ ಅರ್ಧಕ್ಕೇ ಏಳುತ್ತಾನೆ. ನೀನು ಫೋನ್ ಬಂದ್ ಮಾಡಿಟ್ಟದ್ದು ಒಳ್ಳೆಯದೇ ಆಯಿತು. ಮಂಗನ ಮೈಗೆ ನಿನ್ನ ಮುಖ ಅಂಟಿಸಿದ ಚಿತ್ರ ಇನ್ನೂ ಊರಲ್ಲಿ ಓಡಾಡುತ್ತಿದೆ. ಮೊನ್ನೆ ಕಿರಾಣಿ ಅಂಗಡಿಯಲ್ಲಿ ಗಿರಮಲ್ಲಪ್ಪ ಎಲ್ಲರ ಎದುರಿಗೆ "ಏನ್ ಬೇ ಸ್ನೇಹಾ, ನಿಮ್ಮತ್ತಿ ಬಾಲ ಯಾವಾಗ ಉದುರಿತಂತ?" ಅಂದ. ಅವನ ಮಗಳಿಗೆ ನೀನು ಮನೆಗೆ ಕರೆದು ಪಾಠ ಹೇಳಿಕೊಟ್ಟವಳು. ಬೆಲ್ಲ ತೆಗೆದುಕೊಳ್ಳದೆಯೇ ಮನೆಗೆ ಬಂದೆ.

ಜೀವಗಳನ್ನೆಲ್ಲ ದೇವರೇ ಇದ್ದ ಹಾಗೆ ಮಾಡಿಟ್ಟ ಎನ್ನುವ ಆ ಸಾಕ್ಷ್ಯಚಿತ್ರವನ್ನು ಸಮುದಾಯ ಭವನದಲ್ಲಿ ಪರದೆ ಕಟ್ಟಿ ಮತ್ತೆ ತೋರಿಸಿದರು. ಈ ಸಲ ರಬಕವಿಯಿಂದಲೂ ಮಹಾಲಿಂಗಪುರದಿಂದಲೂ ಜನ ಬಂದಿದ್ದರು. ಬೈಯಬೇಕೆಂದೇ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಆದರೆ ಅತ್ತೀ, ಅದರಲ್ಲಿ ಮಾತಾಡುವ ದನಿ ಬಹಳ ಚೆನ್ನಾಗಿದೆ, ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಯಾರನ್ನೂ ಹೀಯಾಳಿಸುವುದಿಲ್ಲ, ಅವಸರ ಮಾಡುವುದಿಲ್ಲ. ಒಂದು ಕೈಮಗ್ಗವನ್ನು ಹತ್ತಿರದಿಂದ ತೋರಿಸಿ, ಲಾಳಿ ಓಡುವುದನ್ನು ತೋರಿಸಿ, "ನೇಕಾರನಿಲ್ಲದೆ ಈ ಸೀರೆ ತಾನಾಗಿಯೇ ಆದೀತೇ?" ಎಂದು ಕೇಳುತ್ತದೆ. ಭವನದಲ್ಲಿ ಕೂತಿದ್ದವರೆಲ್ಲ ನೇಕಾರರು. ಅವರ ಕಸುಬನ್ನು ಅಷ್ಟು ಗೌರವದಿಂದ ಇದುವರೆಗೆ ಯಾರೂ ಪರದೆಯ ಮೇಲೆ ತೋರಿಸಿರಲಿಲ್ಲ. ನೇಕಾರನಲ್ಲಿ ದೇವರ ಗುಣವೇ ಇದೆ ಎಂದು ಆ ದನಿ ಹೇಳಿದಾಗ ನನ್ನ ಪಕ್ಕದ ಮುದುಕಿ ಕೈಮುಗಿದಳು. ಅಲ್ಲಿಂದ ಮುಂದೆ ಅದು ಏನು ಹೇಳಿದರೂ ನಂಬುವಂತಾಗಿತ್ತು. ಮಣ್ಣಿನಲ್ಲಿ ಸಿಕ್ಕ ಎಲುಬುಗಳು ಸುಳ್ಳು, ಶಾಲೆಯ ಪುಸ್ತಕ ಸುಳ್ಳು, ಅದನ್ನು ಕಲಿಸುವವರು ಕೂಲಿಗೆ ಕಲಿಸುವವರು.

ನೀನು ತರಗತಿಯಲ್ಲಿ ಹೇಳಿದ್ದು ಎಷ್ಟು ಸಣ್ಣ ಮಾತು. ಮಕ್ಕಳು ಚಿತ್ರ ನೋಡಿ ಬಂದು ಕೇಳಿದ್ದಕ್ಕೆ ನಮ್ಮ ಮನೆಯ ಉದಾಹರಣೆಯನ್ನೇ ಕೊಟ್ಟೆ. ಅಜ್ಜ ಒಮ್ಮೆ ಜ್ವರದಲ್ಲಿ ಮಗ್ಗದ ಮೇಲೆ ಹೂಬಳ್ಳಿ ಮೂಡಿಸುವ ಜಕಾರ್ಡಿನ ತೂತಿನ ರಟ್ಟುಗಳನ್ನು ಹಿಂದುಮುಂದಾಗಿ ಪೋಣಿಸಿದ್ದು, ಸೀರೆಯಂಚಿನ ದಡಿಯ ಹೂವು ಎರಡಾಗಿ ಒಡೆದು ಬಂದದ್ದು, ಹೆಂಗಸರು ಅದನ್ನೇ ಕೇಳಿ ಕೇಳಿ ಒಯ್ದದ್ದು, ಊರೆಲ್ಲ ಆ ದಡಿಯನ್ನೇ ನೇಯ್ದದ್ದು. ಅಂಥ ಎಷ್ಟೋ ತಪ್ಪುಗಳು ಯಾರಿಗೂ ಬೇಡವಾಗಿ ಹೋದವು, ಒಂದು ಉಳಿಯಿತು, ಜೀವಗಳ ಕಥೆಯೂ ಸುಮಾರಾಗಿ ಹೀಗೆಯೇ ಎಂದೆ. ಆದರೆ ನೇಕಾರ ಸಮಾಜದವರು ಅಜ್ಜನಿಗೆ ಶಾಲು ಹೊದಿಸಿದ ದಿನ ಯಾರೋ ಭಾಷಣದಲ್ಲಿ, ಆ ದಡಿಯನ್ನು ದೇವರೇ ನಮ್ಮ ಮಲಕಾಜಪ್ಪಜ್ಜನ ಕನಸಿನಲ್ಲಿ ತೋರಿಸಿದ ಅಂದಿದ್ದರು. ಅಜ್ಜ ಸಂಕೋಚದಿಂದ ನಕ್ಕು ಸುಮ್ಮನಿದ್ದ. ಊರು ಅದನ್ನೇ ಹಿಡಿದುಕೊಂಡಿತ್ತು. ಅದಕ್ಕೇ ನಿನ್ನ ಪಾಠ ಮನೆಮನೆ ಮುಟ್ಟುವಷ್ಟರಲ್ಲಿ "ಹೆತ್ತಪ್ಪನ್ನ ಮಂಗ್ಯಾ ಅಂದ್ಳು, ದೇವರು ಕೊಟ್ಟ ದಡೀನ ತಪ್ಪು ಅಂದ್ಳು" ಎಂದಾಗಿತ್ತು. ಆಡಳಿತ ಮಂಡಳಿಯವರು ನಿನ್ನನ್ನು ಪಾಠದಿಂದ ಬಿಡಿಸಿ ಬೀಳಗಿಯ ಶಾಲೆಯ ಆಫೀಸಿನಲ್ಲಿ ಕೂರಿಸಿದರು.

ಸೋಮವಾರದ ವಿಚಾರಣೆಯನ್ನು ನೆನೆದರೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ. ಆ ದಿನ, ದಡಿ ತಪ್ಪಿನಿಂದಲೇ ಬಂತೆಂಬ ನಿನ್ನ ಮಾತು ನಿಜವೆಂದು ಗೊತ್ತಾದರೆ ಮತ್ತೆ ನಿನ್ನ ತರಗತಿ, ಇಲ್ಲದಿದ್ದರೆ ಕೆಲಸವೇ ಇಲ್ಲ. ದೀಪಾವಳಿಗೆ ಬಂದು ಹೊರಡುವಾಗ ನೀನು ಹೊಸ್ತಿಲಲ್ಲಿ ನಿಂತು ಅಜ್ಜನನ್ನು ಕೇಳಿದ್ದು ಇಷ್ಟೇ: "ಅಪ್ಪಾ, ಅವತ್ತ ಬಂದು ಇದ್ದದ್ದು ಇದ್ದಂಗ ಹೇಳು, ಸಾಕು." ಅಜ್ಜ "ಬರ್ತೇನಿ ಬಿಡ ಬೇ, ನನ್ನ ಕೈಲೇ ಆಗಿದ್ದು ನಾ ಹೇಳಾಕ ಏನ ಅಂಜಿಕಿ" ಅಂದಿದ್ದ. ಆಗ ನೀನು ನಕ್ಕದ್ದನ್ನು ನಾನು ನೋಡಿದೆ. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ.

ಅಜ್ಜನ ಆರೋಗ್ಯ ಪರವಾಗಿಲ್ಲ. ಕಣ್ಣು ಇನ್ನೂ ಮಂಜಾಗಿದೆ, ಮಗ್ಗದ ಹತ್ತಿರ ಹೋಗುವುದನ್ನು ಬಿಟ್ಟಿದ್ದಾನೆ. ಹೊತ್ತು ಹೋಗಲೆಂದು ಅಮಿತ ಆ ಚಿತ್ರವನ್ನು ಫೋನಿನಲ್ಲಿ ಹಚ್ಚಿಕೊಟ್ಟಿದ್ದ. ಈಗ ಅಜ್ಜನಿಗೆ ಊಟವಾದ ಮೇಲೆ ಅದು ಬೇಕೇ ಬೇಕು. ನೋಡುವುದಕ್ಕಿಂತ ಕೇಳುವುದೇ ಹೆಚ್ಚು, ಫೋನನ್ನು ಕಿವಿಯ ಹತ್ತಿರ ಹಿಡಿದು ಮಲಗುತ್ತಾನೆ. ಅಪ್ಪ ಒಮ್ಮೆ ಕಸಿದುಕೊಂಡದ್ದಕ್ಕೆ "ನನ್ನ ಕಸಬಿನ ಮಾತು ಕೇಳಾಕತ್ತೇನಿ, ನಿನಗೇನ್ ತ್ರಾಸು?" ಎಂದು ಮಕ್ಕಳಂತೆ ಮುನಿಸಿಕೊಂಡ. ವಯಸ್ಸಾದವನ ಬೇಸರ ಕಳೆದರೆ ಕಳೆಯಲಿ ಎಂದು ಎಲ್ಲರೂ ಬಿಟ್ಟೆವು.

ರಾತ್ರಿ ಮೊಸರು ತಿನ್ನಬೇಡ ಎಂದು ಅವ್ವ ಬರೆಯಿಸುತ್ತಿದ್ದಾಳೆ. ಅಪ್ಪ ನಿನ್ನ ಸೈಕಲ್ಲಿಗೆ ಎಣ್ಣೆ ಬಿಟ್ಟು ಒರೆಸಿಟ್ಟಿದ್ದಾನೆ. ನಿನ್ನ ಕೆಮ್ಮು ಬೇಗ ಕಡಿಮೆಯಾಗಲಿ, ನಿನ್ನ ಮನಸ್ಸು ಗಟ್ಟಿ ಇರಲಿ.

ನಿನ್ನ
ಸ್ನೇಹಾ

ಮತ್ತೆ: ಬೆಳಗಾಯಿತು, ಅಮಿತ ಗಾಡಿ ಚಾಲೂ ಮಾಡಿ ಕೂಗುತ್ತಿದ್ದಾನೆ. ನಿನ್ನೆ ಇಷ್ಟೆಲ್ಲ ಬರೆದೂ ಬರೆಯದ್ದು ಒಂದಿದೆ. ಆ ಚಿತ್ರದವರು ಎರಡನೆಯ ಭಾಗ ತೆಗೆಯಲು ಮಂಗಳವಾರ ನಮ್ಮ ಮನೆಗೇ ಬಂದಿದ್ದರು. ಅಜ್ಜ ಹೊಸ ಧೋತರ ಉಟ್ಟು ಕ್ಯಾಮೆರಾ ಮುಂದೆ ಕೂತು, ದೇವರು ಕನಸಿನಲ್ಲಿ ದಡಿ ತೋರಿಸಿದ್ದನ್ನು ಹೇಳಿದ. ಯಾವ ಬಣ್ಣದ ಬೆಳಕಿತ್ತು ಎಂದೂ ಹೇಳಿದ. ಹೇಳುತ್ತ ಅತ್ತ. ಅವರು ಹೋದ ಮೇಲೆ ನಾನು ಪಕ್ಕದಲ್ಲಿ ಕೂತು, "ಅಜ್ಜಾ, ಜ್ವರದಾಗ ರಟ್ಟು ಹಿಂದುಮುಂದ ಪೋಣಿಸಿದ್ದಿ ಅಲ್ಲ?" ಎಂದು ಮೆಲ್ಲಗೆ ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. ನನ್ನಿಂದ ಏನನ್ನೂ ಮುಚ್ಚಿಡುತ್ತಿರಲಿಲ್ಲ ಅತ್ತೀ, ಖರೆ ಖರೆ ನೆನಪು ಮಾಡಿಕೊಳ್ಳುತ್ತಿದ್ದ. ಆಮೇಲೆ "ಯಾವ ರಟ್ಟು ಬೇ?" ಅಂದ.

ಸೋಮವಾರ ಬಾಗಿಲ ಕಡೆ ನೋಡುತ್ತ ಕೂರಬೇಡ.