ಬೀಡಿನ ಗೂಟ

ಹನೂರು,
ಬಹುಧಾನ್ಯ ಸಂವತ್ಸರದ ಆಶ್ವೀಜ ಬಹುಳ ಪಂಚಮಿ

ಯಳಂದೂರಿನಲ್ಲಿ ಭಾವನವರ ಮನೆಯಲ್ಲಿರುವ ಯಜಮಾನರ ಪಾದಗಳಿಗೆ, ಹನೂರಿನ ಸ್ವಗೃಹದಿಂದ ಶಂಕರಮ್ಮ ಮಾಡುವ ಶರಣಾರ್ಥಿ.

ಮಗ, ಸೊಸೆ, ಮೊಮ್ಮಕ್ಕಳೊಡನೆ ನಾನು ಕ್ಷೇಮ. ತಾವು ಮುನಿದು ಹೋದ ಈ ಹನ್ನೊಂದು ತಿಂಗಳಲ್ಲಿ ಮನೆಯ ಯಾವ ಕೆಲಸವೂ ನಿಂತಿಲ್ಲವೆಂಬುದನ್ನು ಕ್ಷೇಮಸಮಾಚಾರದಲ್ಲಿಯೇ ಸೇರಿಸಿಕೊಳ್ಳಬೇಕು. ತಮ್ಮ ಹೆಸರನ್ನು ನಾಲಗೆಯಿಂದ ನುಡಿಯಬಾರದಂತೆ ಕೈಯಿಂದಲೂ ಬರೆಯಬಾರದೆಂದು ನಲವತ್ತು ವರ್ಷ ನಡೆದುಕೊಂಡು ಬಂದವಳು ನಾನು. ಆದಕಾರಣ ಲಕೋಟೆಯ ಮೇಲಿನ ವಿಳಾಸವನ್ನು ಅಂಚೆಯ ಸಿದ್ದಯ್ಯನವರಿಂದ ಬರೆಯಿಸಿದ್ದೇನೆ. ಆ ಒಂದು ವಿಧೇಯತೆಯನ್ನು ಈ ಪತ್ರದಲ್ಲಿ ಕಾಣುವಿರಿ. ಎರಡನೆಯದನ್ನು ಹುಡುಕಬೇಡಿ.

ದೊಡ್ಡಮಾದಪ್ಪನ ಕೈಯಲ್ಲಿ ತಾವು ಕಳುಹಿಸಿದ ಪತ್ರ ಮೊನ್ನೆ ತಲುಪಿತು. ಅವನು ಜಗುಲಿಯ ಮೇಲೆ ಕುಳಿತು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, "ಬಾಗ್ತೀರೋ ಇಲ್ವೋ ಒಂದ್ ಮಾತ್ ಕೇಳ್ಕಂಡ್ ಬಾ ಅಂದವ್ರೆ ಅವ್ವಾ, ಏನ್ ಯೋಳ್ಲಿ?" ಎಂದ. ಬಾಗುವ ವಯಸ್ಸು ಕಳೆಯಿತಪ್ಪ, ಈಗ ಸೊಂಟವೇ ತಾನಾಗಿ ಬಾಗಿದೆ, ಬೇರೆ ಬಾಗುವುದಕ್ಕೆ ಏನೂ ಉಳಿದಿಲ್ಲ ಎಂದೆ. ಉತ್ತರವನ್ನು ಅವನ ಕೈಯಲ್ಲಿ ಕೊಟ್ಟರೆ ದಾರಿಯುದ್ದಕ್ಕೂ ಕಂಡವರಿಂದ ಓದಿಸಿಕೊಂಡು ಹೋದಾನೆಂದು ಅಂಚೆಗೆ ಹಾಕುತ್ತಿದ್ದೇನೆ.

ತಮ್ಮ ಆಜ್ಞೆಯನ್ನು ಮೂರು ಸಲ ಓದಿದೆ. ಹೇರು ಹೊರಲು ಹೊಸ ಬಸವನನ್ನು ತಂದಿದ್ದೀರಿ. ಈ ದೀಪಾವಳಿಯ ಬೆಟ್ಟದ ಯಾತ್ರೆಯಲ್ಲೂ ಅದೇ ಹಳ್ಳದ ಬಳಿ ಹಿಂದಿನ ವಿಧಿಯಂತೆಯೇ ಬೀಡನ್ನು ಗೊತ್ತುಮಾಡುವಿರಿ. ಹೋದ ವರ್ಷ ಬಸವನ ತೀರ್ಪನ್ನು ಮೀರಿ ದಿಣ್ಣೆಗೆ ಹತ್ತಿದ ಹೆಂಗಸರೆಲ್ಲರೂ, ಮೊದಲಾಗಿ ನಾನು, ಹೊಸ ಬಸವನ ಗೊರಸಿಗೆ ಹಣೆ ಮುಟ್ಟಿಸಿ ತಪ್ಪಾಯಿತೆಂದು ಕೂಟದ ಮುಂದೆ ನುಡಿದು, ಗೂಟವಿರುವ ಕಡೆಯಲ್ಲಿಯೇ ತಂಗಬೇಕು. ಒಪ್ಪದಿದ್ದರೆ ನನಗೆ ಪಂಕ್ತಿಯಲ್ಲಿ ಎಲೆಯಿಲ್ಲ. ಹೀಗಲ್ಲವೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ಬರಲಿ. ಹಣೆ ಮುಟ್ಟಿಸುವುದಿಲ್ಲ. ಮರಳಿನ ಮೇಲೆ ಮಲಗುವುದಿಲ್ಲ. ಇನ್ನೊಬ್ಬರ ಮಕ್ಕಳನ್ನೂ ಮಲಗಗೊಡುವುದಿಲ್ಲ.

ಈ ಪತ್ರವನ್ನು ತಾವು ಭಾವನವರ ಮುಂದೆ ಗಟ್ಟಿಯಾಗಿ ಓದುವಿರೆಂದು ಬಲ್ಲೆ. ಅವರು ಕಾಲಿನ ಊನದ ದೆಸೆಯಿಂದ ಒಮ್ಮೆಯೂ ಯಾತ್ರೆಗೆ ನಡೆದು ಬಂದವರಲ್ಲ. ಅವರಿಗೆ ತಿಳಿಯಲೆಂದು ಆ ವಿಧಿಯನ್ನು ಬರೆಯುತ್ತೇನೆ. ಅರವತ್ತು ಜನರ ನಮ್ಮ ಕೂಟ ಯಳಂದೂರಿನಿಂದ ಹೊರಟು, ಕೊಳ್ಳೇಗಾಲದ ನೇಯ್ಗೆಯ ಮನೆಗಳವರನ್ನು ಕೂಡಿಸಿಕೊಂಡು, ಹನೂರನ್ನು ದಾಟಿ, ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಿಂದ ಹೋಗುತ್ತದೆ. ರಾಮಾಪುರವನ್ನು ಬಿಟ್ಟ ಮೇಲೆ, ಎರಡು ಬೆಟ್ಟಗಳ ನಡುವಿನಿಂದ ಹಳ್ಳವು ಹುಲ್ಲುಬಯಲಿಗೆ ಇಳಿಯುವಲ್ಲಿ ಒಂದು ಬೀಡು. ಹೊತ್ತು ಇಳಿಯುವ ಮೊದಲೇ ಅಲ್ಲಿಗೆ ಸೇರಿ, ಅಕ್ಕಿಬೇಳೆಯ ಹೇರನ್ನು ಹೊತ್ತು ತಂದ ಬಸವನ ಬೆನ್ನನ್ನು ಬರಿದು ಮಾಡಿ, ಹಗ್ಗ ಕಳಚಿ ಬಿಡುವುದು. ಬಸವನು ಎಲ್ಲಿ ಮಂಡಿಯೂರಿ ಮಲಗಿ ಮೆಲುಕು ಹಾಕುವನೋ ಅದೇ ದೇವರು ತೋರಿದ ನೆಲ. ಯಜಮಾನನು ಅಲ್ಲಿ ಗೂಟವನ್ನು ಹೊಡೆದು ಬಸವನನ್ನು ಕಟ್ಟಿದನೆಂದರೆ, ಬೆಳಗಾಗುವವರೆಗೆ ಆ ಗೂಟವನ್ನು ಕೀಳುವ ಹಕ್ಕು ಯಾರಿಗೂ ಇಲ್ಲ, ಹೊಡೆದವನಿಗೂ ಇಲ್ಲ.

ಹೋದ ವರ್ಷ ಬಸವನು ಮೊದಲು ದಿಣ್ಣೆಗೇ ಹತ್ತಿದ. ಅಲ್ಲಿನ ಚಪ್ಪಟೆ ಬಂಡೆಯನ್ನು ಮೂಸಿದ, ಎರಡು ಸಲ ನೆಕ್ಕಿದ, ಸ್ವಲ್ಪ ಹೊತ್ತು ನಿಂತ. ಆಮೇಲೆ ತಲೆ ಒಲೆದು ಇಳಿದು ಬಂದು, ಹೊಂಗೆಯ ನೆರಳಿನ ತಂಪು ಮರಳಿನಲ್ಲಿ ಮಲಗಿದ. "ನೋಡ್ರಪ್ಪಾ, ದಿಣ್ಣೆ ಬ್ಯಾಡ ಅಂದ್ಬುಟ್ಟ ಬಸವ!" ಎಂದು ತಾವು ಘೋಷಿಸಿದಿರಿ, ಗೂಟ ಹೊಡೆದಿರಿ. ಬೆಟ್ಟದ ತಲೆಯ ಮೇಲೆ ಮೋಡ ಕುಳಿತಿದೆ, ಮರಳು ಹಳ್ಳದ ಹಾಸಿಗೆ, ಅದು ನಮ್ಮ ಹಾಸಿಗೆಯಲ್ಲ ಎಂದು ನಾನು ಅಂದೆ. ತಾವು ತಿರುಗಿ ನೋಡಲಿಲ್ಲ. ನಾನು ಮಾತು ಬೆಳೆಸದೆ ಹದಿನೇಳು ಮಕ್ಕಳನ್ನೂ ಹೆಂಗಸರನ್ನೂ ಕರೆದುಕೊಂಡು ಮೇಲೆ ಹತ್ತಿದೆ. ದೀಪ ಹಚ್ಚುವ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ಒಂದು ಹನಿಯೂ ಬೀಳದೆ, ಬೆಟ್ಟದಲ್ಲಿ ಸುರಿದ ಮಳೆಯೆಲ್ಲ ಕೆಂಪಾಗಿ ಹಳ್ಳಕ್ಕೆ ಬಂತು. ಗಂಡಸರು ಮರಗಳನ್ನು ಹತ್ತಿ ಉಳಿದರು. ಅಕ್ಕಿ ಹೋಯಿತು, ಕೊಪ್ಪರಿಗೆಗಳು ಹೋದವು. ಕಟ್ಟಿದ್ದ ಬಸವನೂ ಹೋದ.

ತಾವು ಮರ ಹತ್ತಲಿಲ್ಲ. ಎದೆಯ ಮಟ್ಟದ ನೀರಿನಲ್ಲಿ ನಿಂತು, ಕೀಳಬಾರದ ಗೂಟವನ್ನು ಎರಡೂ ಕೈಯಿಂದ ಕೀಳುತ್ತಿದ್ದಿರಿ. ಅದನ್ನು ನಾನು ದಿಣ್ಣೆಯ ಮೇಲಿನಿಂದ ಕಂಡೆ. ಕೂಟದಲ್ಲಿ ಯಾರೂ ಅದನ್ನು ಆಡುವುದಿಲ್ಲ. ನಾನು ಮಾತ್ರ ದಿನವೂ ಲಿಂಗಪೂಜೆಗೆ ಕುಳಿತಾಗ ನೆನೆಯುತ್ತೇನೆ. ವಿಧಿಯನ್ನು ಮೀರಿದವರು ನಾವು ಹೆಂಗಸರಷ್ಟೇ ಅಲ್ಲವೆಂಬುದಕ್ಕೆ ತಮ್ಮ ಅಂಗೈಯ ಗಾಯವೇ ಸಾಕ್ಷಿ. ಮರುದಿನ ಬೆಳಿಗ್ಗೆ ಅದೇ ಕೈಯನ್ನು ನನ್ನತ್ತ ಚಾಚಿ, "ನಿನ್ ಸೊಕ್ಕಿಗೆ ಬಸವ ಬಲಿಯಾದ ಕಣೇ" ಎಂದಿರಿ. ಅಂದೇ ಯಳಂದೂರಿನ ದಾರಿ ಹಿಡಿದಿರಿ.

ಈಗ ಮೂರು ತಲೆಮಾರಿನಿಂದ ಈ ಮನೆಯ ಗಂಡಸರಿಗೆ ಯಾರೂ ಹೇಳದಿದ್ದುದನ್ನು ಹೇಳುತ್ತೇನೆ. ಭಾವನವರು ಕೇಳಿದರೂ ಚಿಂತೆಯಿಲ್ಲ. ನಾನು ಈ ಮನೆಗೆ ಬಂದ ಮೊದಲ ದೀಪಾವಳಿಯಲ್ಲಿ ಅತ್ತೆ ಬಸವಮ್ಮನವರು ನೀರು ತರುವ ನೆವದಿಂದ ನನ್ನನ್ನು ಕೂಟಕ್ಕಿಂತ ಮುಂದಾಗಿ ಕರೆದುಕೊಂಡು ಹೋದರು. ನೆಲವನ್ನು ಕಾಲಿನಿಂದ ಒತ್ತಿ ನೋಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಒಲೆಯ ಹೊಗೆ ಎತ್ತ ಹೋಗುತ್ತದೆ, ಹೆಂಗಸರು ಹೊರಕಡೆಗೆ ಹೋಗುವುದಕ್ಕೆ ಮರೆ ಇದೆಯೇ, ಆನೆ ತಿರುಗಾಡುವ ಜಾಡು ಎಷ್ಟು ದೂರ, ಹಳ್ಳದ ದಡದಲ್ಲಿ ಹಿಂದಿನ ನೆರೆಯ ಕಸ ಎಷ್ಟು ಎತ್ತರದ ಕೊಂಬೆಗೆ ಸಿಕ್ಕಿಕೊಂಡಿದೆ, ಎಲ್ಲವನ್ನೂ ನೋಡಿದರು. ಆಮೇಲೆ ಸೆರಗಿನ ಗಂಟನ್ನು ಬಿಚ್ಚಿ, ಒಂದು ಹಿಡಿ ಕಲ್ಲುಪ್ಪನ್ನು ಆರಿಸಿಕೊಂಡಿದ್ದ ಬಂಡೆಯ ಮೇಲೆ ತಿಕ್ಕಿದರು. ಬಸವನು ಬಂದ, ನೆಕ್ಕಿದ, ತೃಪ್ತನಾಗಿ ಅಲ್ಲಿಯೇ ಮಲಗಿದ. ಮಾವನವರು ಕೈಮುಗಿದು ಗೂಟ ಹೊಡೆದರು. ನಾನು ಬೆರಗಾಗಿ ನಿಂತಿದ್ದಾಗ ಅತ್ತೆ ನನ್ನ ಕಿವಿಯಲ್ಲಿ, "ಗಂಡಸ್ರು ಬಸವನ್ನ ಕೇಳ್ಲಿ ಬುಡವ್ವ. ಬಸವ ನಮ್ಮನ್ ಕೇಳ್ತನೆ" ಎಂದರು.

ಅವರ ಅತ್ತೆಯವರೂ ಹೀಗೆಯೇ ಮಾಡುತ್ತಿದ್ದರಂತೆ. ಅತ್ತೆ ಲಿಂಗೈಕ್ಯರಾದ ಮೇಲೆ ಮೂವತ್ತೊಂದು ವರ್ಷ ನಾನು ಉಪ್ಪು ತಿಕ್ಕಿದೆ. ಬಸವನ ಬಾಯಿಂದ ದೇವರೇ ನೆಲವನ್ನು ಆರಿಸುತ್ತಾನೆಂದು ಸುತ್ತಿನ ಹಳ್ಳಿಗಳಲ್ಲಿ ತಮ್ಮ ಕೀರ್ತಿ ಬೆಳೆಯಿತು; ನಾನು ಹಿಂದೆ ನಿಂತು ರಾಗಿ ಹಿಟ್ಟನ್ನು ತಿರುವಿದೆ. ನನಗೆ ಅದರಿಂದ ನೋವಿರಲಿಲ್ಲ. ದೇವರ ಕೆಲಸವನ್ನು ಮಾಡಿ ಹೆಸರನ್ನು ಬೇರೆಯವರಿಗೆ ಬಿಡುವುದೂ ಒಂದು ದಾಸೋಹವೆಂದುಕೊಂಡಿದ್ದೆ. ಹೋದ ವರ್ಷ ಉಪ್ಪೇಕೆ ಇರಲಿಲ್ಲವೆಂದು ತಾವು ಕೇಳಬಹುದು. ಹಿಂದಿನ ದಿನದ ತುಂತುರಿನಲ್ಲಿ ಸೆರಗು ನೆನೆದು ಉಪ್ಪು ಕರಗಿಹೋಗಿತ್ತು. ಅಷ್ಟೇ.

ಇದನ್ನು ಮೋಸವೆನ್ನುವಿರಾದರೆ ಅನ್ನಿ. ನನ್ನ ತಂದೆ ಐವತ್ತು ವರ್ಷ ಮಠದಲ್ಲಿ ಪುರಾಣ ಹೇಳಿದವರು; ಅವರ ಮಡಿಲಿನಲ್ಲಿ ಕುಳಿತು ಅಕ್ಷರ ಕಲಿತವಳು ನಾನು. ಪರಮೇಶ್ವರನು ಎತ್ತಿನ ಮೂಗಿನಲ್ಲಿ ನೆಲೆಸಿ ಹೆಣ್ಣಿನ ವಿವೇಕದಲ್ಲಿ ನೆಲೆಸಲಾರನೆಂದು ಅವರು ಓದಿದ ಯಾವ ಗ್ರಂಥದಲ್ಲಿಯೂ ನಾನು ಕೇಳಿಲ್ಲ. ತಮಗೆ ಸಿಕ್ಕಿದ್ದರೆ ಆ ಓಲೆಗರಿಯನ್ನು ಕಳುಹಿಸಿ, ಕನ್ನಡಕ ಹಾಕಿಕೊಂಡು ಓದುತ್ತೇನೆ.

ಇನ್ನು ಈ ವರ್ಷದ ಮಾತು. ಮೂರು ಸಂಜೆಗಳಿಂದ ಬೆಟ್ಟದ ಕಡೆ ಆಕಾಶ ಕಪ್ಪಾಗುತ್ತಿದೆ. ನಾನು ನೆರೆಮನೆಯ ಚಿಕ್ಕನಿಂಗಮ್ಮನನ್ನೂ, ಕೊಳ್ಳೇಗಾಲದಿಂದ ಬಂದಿದ್ದ ನೇಯ್ಗೆಯ ಮನೆಯ ವಿಜಯಮ್ಮನನ್ನೂ ಜೊತೆಗೆ ಕರೆದುಕೊಂಡು ಗಾಡಿಯಲ್ಲಿ ಹೋಗಿ ದಿಣ್ಣೆಯನ್ನು ನೋಡಿ ಬಂದೆ. ಮುಳ್ಳುಪೊದೆಗಳನ್ನು ಸವರಿಸಿದೆವು, ಒಂಬತ್ತು ಒಲೆಗಳಿಗೆ ಕಲ್ಲು ಹೂಡಿದೆವು. ವಿಜಯಮ್ಮ ಬೆವರು ಒರೆಸಿಕೊಳ್ಳುತ್ತಾ, "ಯಜಮಾನಪ್ಪಾರು ಬಂದು ಬೋದ್ರೆ ಏನ್ ಮಾಡೀರಿ ಅಮ್ಮಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕನಿಂಗಮ್ಮ, "ಬೋಯ್ಲಿ ಬುಡು. ಬೋಯ್ಯಕ್ಕಾದ್ರೂ ಮ್ಯಾಲಕ್ಕೇ ಅತ್ತಬೇಕಲ್ಲ ಅವ್ರು!" ಎಂದಳು. ನಾವು ಮೂವರೂ ಗುಡಾರಕ್ಕೆಂದು ಕಡಿದಿದ್ದ ಬಿದಿರಿನ ಮೇಲೆ ಕುಳಿತು ನಕ್ಕೆವು. ಯಜಮಾನರನ್ನು ಕುರಿತು ನಗಬಾರದೆಂದು ನನಗೆ ಗೊತ್ತು. ನಕ್ಕೆ.

ತಾವು ನಂಬಿರುವ ಗಂಡಸರಲ್ಲಿ ಒಬ್ಬನು, ಹೆಸರನ್ನು ಹೇಳೆನೆಂದು ಮಾತು ಕೊಟ್ಟಿದ್ದೇನೆ, ಹಿತ್ತಲ ಬಾಗಿಲಿಗೆ ಬಂದು, "ನಮ್ ಸೊಸೆ ಬಸ್ರಿ ಅವ್ವಾ, ಅವಳ್ನ ಮ್ಯಾಲಕ್ಕೆ ಕರ್ಕಂಬುಡಿ, ನಾನ್ ಕೇಳ್ದೆ ಅಂತ ಮಾತ್ರ ಅನ್ಬ್ಯಾಡಿ" ಎಂದು ಹೋದ. ತಮ್ಮ ಮುಂದೆ ಬಸವನ ತೀರ್ಪೆಂದು ತಲೆಯಾಡಿಸುವ ತಲೆಗಳ ಒಳಗೆ ಏನಿದೆಯೆಂಬುದನ್ನು ಇದರಿಂದ ತಿಳಿಯಿರಿ.

ಪಂಕ್ತಿಯಲ್ಲಿ ನನಗೆ ಎಲೆಯಿಲ್ಲವೆಂದು ಬರೆದಿದ್ದೀರಿ. ಪಂಕ್ತಿಯ ಅನ್ನ ಬೇಯುವ ಒಲೆಗಳು ದಿಣ್ಣೆಯ ಮೇಲಿವೆ. ಕೂಟ ಬರುವ ದಿನ ನಾನು ಬೆಳಿಗ್ಗೆಯೇ ಅಲ್ಲಿರುತ್ತೇನೆ. ಎಲೆ ಹಾಸುವವಳೂ ನಾನೇ. ತಮಗೂ ಒಂದನ್ನು ಹಾಸಿರುತ್ತೇನೆ, ಮೊದಲ ಸಾಲಿನ ಮೊದಲನೆಯದು, ಎಂದಿನಂತೆ ಗಾಳಿಗೆ ಬೆನ್ನಾಗಿ. ಕುಳಿತುಕೊಳ್ಳುವುದೂ ಬಿಡುವುದೂ ತಮ್ಮ ಇಚ್ಛೆ.

ತಮ್ಮ ಪಾದಗಳಿಗೆ ಶರಣೆನ್ನುವ, ತಮ್ಮ ಆಜ್ಞೆಗೆ ಇಲ್ಲವೆನ್ನುವ,

ಶಂಕರಮ್ಮ

ತಾ. ಕ. ಇಲ್ಲಿಂದ ಮುಂದಿನದನ್ನು ಭಾವನವರ ಮುಂದೆ ಓದಬೇಡಿ. ಪತ್ರವನ್ನು ಮಡಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಉಪ್ಪು ಕರಗಿರಲಿಲ್ಲ. ಆ ದಿನ ಬೆಳಿಗ್ಗೆ ಹೊರಡುವಾಗ, ಇವತ್ತು ದಿಣ್ಣೆಯೇ ಒಳ್ಳೆಯದೆಂದು ನಾನು ಅಂದದ್ದಕ್ಕೆ ತಾವು ಎಲ್ಲರ ಮುಂದೆ, "ನೆಲ ಆಯೋದು ಬಸವನ ಕೆಲ್ಸ ಕಣೇ, ಒಲೆ ಊದೋಳ್ದಲ್ಲ" ಎಂದಿರಿ. ಅರವತ್ತು ಜನ ನಕ್ಕರು. ಹಾಗಾದರೆ ಒಂದು ದಿನ ಬಸವನೇ ಆಯಲಿ ಎಂದುಕೊಂಡೆ. ಬಂಡೆಯ ಹತ್ತಿರಕ್ಕೆ ಎಲ್ಲರಿಗಿಂತ ಮೊದಲೇ ಹೋಗಿದ್ದೆ, ಗಂಟು ಸೆರಗಿನಲ್ಲಿತ್ತು, ಬಿಚ್ಚಲಿಲ್ಲ. ಬಸವ ಬಂದು ಬರಿಯ ಕಲ್ಲನ್ನು ನೆಕ್ಕಿ ನನ್ನ ಮುಖವನ್ನು ನೋಡಿದ; ಹನ್ನೊಂದು ವರ್ಷ ನನ್ನ ಉಪ್ಪನ್ನು ತಿಂದವನು. ನೀರು ಬರುವುದೆಂದು ತಿಳಿದಿರಲಿಲ್ಲವೆಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು, ಮೋಡವನ್ನು ಕಂಡಿದ್ದೆ. ನನ್ನ ಸೊಕ್ಕಿಗೆ ಬಸವ ಬಲಿಯಾದನೆಂದು ತಾವು ಅಂದ ಮಾತು ನಿಜ. ಯಾಕೆ ನಿಜವೆಂಬುದು ತಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಅದಕ್ಕಾಗಿ ಮಹದೇಶ್ವರನ ಮುಂದೆ ಹಣೆ ಹಚ್ಚುತ್ತೇನೆ, ತಮ್ಮ ಹೊಸ ಎತ್ತಿನ ಮುಂದೆ ಅಲ್ಲ. ಈ ಸಲ ಉಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವುದಿಲ್ಲ. ಮೊರದ ತುಂಬ ತಂದು, ಕೂಟವೆಲ್ಲ ನೋಡುತ್ತಿರುವಂತೆ ಬಂಡೆಯ ಮೇಲೆ ಸುರಿಯುತ್ತೇನೆ. ಬಸವನನ್ನು ಬಿಟ್ಟು ನೋಡಿ. ಗೂಟವನ್ನು ಮಾತ್ರ ತರಬೇಡಿ.