ಕಲ್ಲಿದ್ದಲು ಅಂದರೆ ನಮ್ಮೂರು

26 ಮಾರ್ಚ್ 2020, ಗುರುವಾರ

ಲಾಕ್‌ಡೌನ್‌ನ ಒಂಬತ್ತನೇ ದಿನ. ಮನೆಗೊಬ್ಬರೇ ಹೊರಗೆ ಹೋಗಬೇಕು, ಅದೂ ಹತ್ತಿರದ ಅಂಗಡಿಗೆ. ಇವರು ಹೋದರು. ಕೊತ್ತಂಬರಿ ಸೊಪ್ಪು ಎಂದರೆ ಸೆಲರಿ ತಂದಿದ್ದಾರೆ. ಇಟ್ಟಿಗೆ ಕಾರ್ಖಾನೆಯ ಗೂಡಿನ ಉರಿ ನೋಡಿಯೇ ಇಷ್ಟು ಡಿಗ್ರಿ ಎಂದು ಹೇಳಬಲ್ಲ ಜಯಕರರಿಗೆ ಸೊಪ್ಪಿನ ಗುರುತು ಹತ್ತುವುದಿಲ್ಲ. ಹತ್ತಕ್ಕೆ ಮೂರು.

ಕಾರ್ಕಳದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಸಮಾಜ ಪಾಠ ಮಾಡಿದೆ. ಇಲ್ಲಿನ ವೀಸಾದಲ್ಲಿ ನಾನು ಕೆಲಸ ಮಾಡುವಂತಿಲ್ಲ. ಮಾರ್ಕು ಕೊಡುವ ಚಟ ಮಾತ್ರ ಹೋಗಿಲ್ಲ.

ಇವತ್ತು ಶ್ರೀಯಾಗೆ ಸೊನ್ನೆ.

ಆನ್‌ಲೈನ್ ಕ್ಲಾಸಿನಲ್ಲಿ ಟೀಚರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ಎಲ್ಲಿದ್ದೀರಿ, ಹುಷಾರಾಗಿದ್ದೀರಾ ಎಂದು. ಸುಬಾಂಗ್, ಪುಚೊಂಗ್, ಪಿ.ಜೆ., ಎಲ್ಲ ಕೌಲಾಲಂಪುರದ ಸುತ್ತಿನ ಪೇಟೆಗಳು. ನಮ್ಮ ಮಗಳ ಸರದಿ ಬಂತು. "ರವಾಂಗ್, ಟೀಚರ್."

ರವಾಂಗ್! ಅದು ಪಕ್ಕದ ಪೇಟೆ, ನಮ್ಮೂರಲ್ಲ! ಕ್ಲಾಸು ಮುಗಿದ ಮೇಲೆ ಹಿಡಿದುಕೊಂಡೆ.

"ಯಾಕೆ ಸುಳ್ಳು ಹೇಳಿದ್ದು?"

"ಬಾತು ಆರಾಂಗ್ ಅಂದ್ರೆ ನೋಬಡಿ ನೋಸ್, ಅಮ್ಮಾ. ಓಲ್ಡ್ ಪೀಪಲ್ ಮತ್ತು ಹಸು ಮಾತ್ರ ಇರೋ ಪ್ಲೇಸ್. ದೇ ವಿಲ್ ಲಾಫ್ ಲಾ."

ಹದಿಮೂರು ವರ್ಷ. ಅದರಲ್ಲಿ ಏಳು ವರ್ಷ ಈ ಊರಿನ ನೀರು ಕುಡಿದಿದ್ದಾಳೆ. ಸಿಟ್ಟು ಬಂತು. ಆಮೇಲೆ ಬೇಸರ.

29 ಮಾರ್ಚ್, ಭಾನುವಾರ

ಊಟದ ನಂತರ ಪಾಠ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದೆ. ಚಿಮಣಿಗಳು, ಕೆರೆ, ಅಂಗಡಿ ಸಾಲು, ಕುವಾಂಗಿನಿಂದ ರೈಲು ಹಳಿ ಬರುತ್ತಿದ್ದ ದಾರಿ. ಕೈ ಮರೆತಿಲ್ಲ, ಖುಷಿಯಾಯಿತು.

ಬಾತು ಎಂದರೆ ಮಲಯ್ ಭಾಷೆಯಲ್ಲಿ ಕಲ್ಲು. ಆರಾಂಗ್ ಎಂದರೆ ಇದ್ದಲು. ಎರಡೂ ಸೇರಿದರೆ? ಕಲ್ಲಿದ್ದಲು! ಕನ್ನಡದವರೂ ಮಲಯ್ ಜನರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ರೀತಿ ಹೆಸರಿಟ್ಟಿದ್ದಾರೆ. ಇದನ್ನು ಹೇಳುವಾಗ ನನಗೇ ಮೈ ಜುಂ ಎಂದಿತು.

"ಓಕೆ. ಸೋ?" ಎಂದಳು ಮಗಳು.

ಇವರು ಸೋಫಾದಲ್ಲಿ ನಿದ್ದೆ ಮಾಡಿದ್ದರು. ಇಡೀ ತರಗತಿ ಫೇಲು.

12 ಏಪ್ರಿಲ್, ಭಾನುವಾರ, ಸಂಜೆ

ಪಕ್ಕದ ಮನೆಯ ಮುನಿಯಾಂಡಿ ತಾತನಿಗೆ ಬೇಲಿಯ ಮೇಲಿಂದ ನೀರ್ದೋಸೆ ಕೊಟ್ಟೆ. ಎಂಬತ್ತನಾಲ್ಕು ವರ್ಷ. ಹದಿನಾರಕ್ಕೇ ಗಣಿಗೆ ಇಳಿದವರು, ಅವರಿಗಿಂತ ಮೊದಲು ಅವರ ಅಪ್ಪ. 1960ರಲ್ಲಿ ಗಣಿ ಮುಚ್ಚಿತು. ಊರು ಖಾಲಿಯಾಯಿತು, ತಾತ ಮಾತ್ರ ಕದಲಲಿಲ್ಲ.

ಇಲ್ಲಿ ಯಾಕೆ ಎತ್ತರದ ಕಟ್ಟಡಗಳಿಲ್ಲ ಎಂದು ಕೇಳಿದೆ. ತಾತ ಚಪ್ಪಲಿ ಕಾಲಿನಿಂದ ನೆಲ ಕುಟ್ಟಿದರು. "ಮೇಲೆ ಒರು ಊರು, ಕೀಳೆ ಒರು ಊರು, ತೆರಿಯುಮಾ?" ಮೇಲೊಂದು ಊರು, ಕೆಳಗೊಂದು ಊರು, ಗೊತ್ತಾ? ಕೆಳಗೆಲ್ಲ ಸುರಂಗ. ಭಾರ ಹೇರುವಂತಿಲ್ಲ.

ಬಟ್ಟೆ ಒಣಹಾಕುತ್ತಿದ್ದ ಶ್ರೀಯಾ ಕಾಲ ಕೆಳಗಿನ ಸಿಮೆಂಟು ನೋಡಿದಳು. ಹತ್ತು ನಿಮಿಷದಲ್ಲಿ ಬೇಲಿಯ ಹತ್ತಿರ ಬಂದಿದ್ದಳು. ಒಳಗೆ ಕತ್ತಲಾ ತಾತಾ? ಹೆದರಿಕೆ ಆಗ್ತಿರ್ಲಿಲ್ವಾ? ಎಷ್ಟು ದುಡ್ಡು ಕೊಡ್ತಿದ್ರು? ತಮಿಳು, ಇಂಗ್ಲಿಷು, ಕೈಸನ್ನೆ. ತಾತನ ಉತ್ಸಾಹ ನೋಡಬೇಕು! ಇಲ್ಲಿನ ಕಲ್ಲಿದ್ದಲಿನಿಂದಲೇ ರೈಲು ಓಡಿದ್ದು, ಕೆ.ಎಲ್., ಅಂದರೆ ಕೌಲಾಲಂಪುರದಲ್ಲಿ ದೀಪ ಉರಿದದ್ದು. 1937ರಲ್ಲಿ ಕೂಲಿಕಾರರು ಮುಷ್ಕರ ಹೂಡಿದಾಗ ಅವರ ಅಪ್ಪನೂ ಇದ್ದರಂತೆ. "ನಾಂಗ ಬಯಪ್ಪಡಲೆ," ಎಂದರು, ನಾವು ಹೆದರಲಿಲ್ಲ. ಆಗ ಅವರಿಗೆ ಒಂದು ವರ್ಷವೂ ಸರಿಯಾಗಿ ತುಂಬಿರಲಿಕ್ಕಿಲ್ಲ. ಆದರೂ "ನಾವು" ಅಂದರು. ನಾನು ತಿದ್ದಲಿಲ್ಲ.

14 ಜೂನ್, ಭಾನುವಾರ

ಎಷ್ಟು ದಿನ ಬರೆದಿಲ್ಲ! ಈಗ ನಿರ್ಬಂಧ ಸಡಿಲ. ಮೂವರೂ ಮಾಸ್ಕ್ ಹಾಕಿ ಕೆರೆಯವರೆಗೆ ನಡೆದೆವು. ಮೊದಲು ಅಲ್ಲಿ ತೆರೆದ ಗಣಿಯಿತ್ತು. ಅಗೆದ ಹೊಂಡದಲ್ಲಿ ನೀರು ನಿಂತು ಕೆರೆಯಾಗಿದೆ.

ನಾನು ಬಾಯಿ ತೆರೆಯುವ ಮೊದಲೇ ಶ್ರೀಯಾ ಇವರಿಗೆ ಶುರು ಮಾಡಿದಳು. "ಪಪ್ಪಾ, ದಿಸ್ ಇಸ್ ನಾಟ್ ಎ ನ್ಯಾಚುರಲ್ ಲೇಕ್, ಓಕೆ?" ಚಿಮಣಿಯ ಇಟ್ಟಿಗೆ ಈ ಊರಿನದೇ, ಮಣ್ಣೂ ಈ ಊರಿನದೇ ಎಂದಳು. ಇಷ್ಟು ವರ್ಷ ಇಟ್ಟಿಗೆ ಸುಟ್ಟವರು ಬಾಯಿ ಬಿಟ್ಟುಕೊಂಡು ಕೇಳಿದರು.

ಹೆಮ್ಮೆ ಎಂದರೆ ಹೆಮ್ಮೆ. ಮನೆಗೆ ಬಂದು ಪಾಯಸ ಮಾಡಿದೆ. ಕಾರಣ ಹೇಳಲಿಲ್ಲ.

18 ಅಕ್ಟೋಬರ್, ಭಾನುವಾರ

ಶಾಲೆ ಮತ್ತೆ ಬಂದ್. ರಾಜ್ಯೋತ್ಸವವನ್ನು ಝೂಮ್‌ನಲ್ಲಿ ಮಾಡುವುದಂತೆ. ಕನ್ನಡ ಬಳಗದ ಗೋಪಿನಾಥರು ಫಾರ್ಮ್ ಕಳಿಸಿದ್ದಾರೆ. ‘ನನ್ನ ಊರು’, ಒಬ್ಬೊಬ್ಬರಿಗೆ ಐದು ನಿಮಿಷ. ತುಂಬಿದೆ: ದೇವಕಿ, ಕಾರ್ಕಳ. ಶ್ರೀಯಾ, ಕಾರ್ಕಳ.

ಮಗಳು ಹಿಂದೆ ನಿಂತು ನೋಡಿದಳು.

"ಅಮ್ಮಾ, ಕಾರ್ಕಳ ಇಸ್ ಯುವರ್ ಊರು. ನಂದಲ್ಲ. ಐ ವೋಂಟ್ ಸ್ಪೀಕ್."

"ಊರು ಅಂದ್ರೆ ಹಿರಿಯರ ಊರು ಮಗಾ. ಯಾರು ಕೇಳಿದ್ರೂ ಹಾಗೇ ಹೇಳೂದು."

"ದೆನ್ ನಾನು ರವಾಂಗ್ ಅಂದಾಗ ಯಾಕೆ ಸ್ಕೋಲ್ಡ್ ಮಾಡಿದ್ದು? ನೀನು ಚಂದ್ರಮ್ಮಜ್ಜಿ ಹತ್ರ ಕೆ.ಎಲ್. ಅಂತ ಹೇಳ್ತಿ. ಎವ್ರಿ ಸಂಡೇ! ಐ ಹಿಯರ್ಡ್."

ಫಾರ್ಮ್ ಕಳಿಸದೆ ಮುಚ್ಚಿದೆ.

ನಿಜ. ಏಳು ವರ್ಷದ ಹಿಂದೆ ಬಂದ ಹೊಸತರಲ್ಲಿ ಚಂದ್ರಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಊರಿನ ಹೆಸರು ಹೇಳಿದ್ದೆ. "ಬಾತಾ? ಎಂತದು ಮಾರಾಯ್ತಿ, ಬಾತುಕೋಳಿ ಸಾಕ್ಲಿಕ್ಕೆ ಹೋದದ್ದಾ?" ಅಲ್ಲಿದ್ದವರೆಲ್ಲ ನಕ್ಕ ಸದ್ದು ಕೇಳಿತ್ತು. ಮರುವಾರದಿಂದ ಕೆ.ಎಲ್. ಎಂದೆ. ನೆಂಟರ ಮದುವೆ ಕಾಗದಗಳಲ್ಲೂ ಈಗ ನಮ್ಮ ಹೆಸರಿನ ಮುಂದೆ ಕೌಲಾಲಂಪುರ ಎಂದೇ ಅಚ್ಚಾಗುತ್ತದೆ. ನೋಡಿ ಸಂತೋಷಪಟ್ಟಿದ್ದೇನೆ.

ಈ ಊರಿನ ಚರಿತ್ರೆ ಪಾಠ ಮಾಡಿದವಳು ನಾನು! ನಾಚಿಕೆಯಾಯಿತು.

19 ಅಕ್ಟೋಬರ್

ಫಾರ್ಮ್‌ನಲ್ಲಿ ಅವಳ ಊರು ತಿದ್ದಿದೆ. ನನ್ನದು ಹಾಗೇ ಇದೆ.

ಗೋಪಿನಾಥರ ಫೋನು ಬಂತು. "ಮೇಡಂ, ಏನೋ ಮಿಸ್ಟೇಕ್ ಆಗಿದೆ ನೋಡಿ. ಮಗೂದು ನೇಟಿವ್ ಪ್ಲೇಸ್ ಬೇಕಿತ್ತು."

"ಮಿಸ್ಟೇಕ್ ಅಲ್ಲ ಸಾರ್," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನಿಸುತ್ತದೆ.

1 ನವೆಂಬರ್, ಭಾನುವಾರ, ಸಂಜೆ 6

ಆದದ್ದನ್ನು ಸಾಲಾಗಿ ಬರೆದಿಡಬೇಕು.

ಪರದೆಯಲ್ಲಿ ಅರವತ್ತು ಮುಖ. ಕಾರ್ಕಳದಿಂದ ಚಿಕ್ಕಮ್ಮನೂ ಸೇರಿಕೊಂಡಿದ್ದರು, ಕನ್ನಡಕ ಮತ್ತು ಹಣೆ ಮಾತ್ರ ಕಾಣುತ್ತಿತ್ತು. ಮಣಿಪಾಲದ ಡಾಕ್ಟರೊಬ್ಬರು ಉಡುಪಿಯ ಬಗ್ಗೆ ಹೇಳಿದರು. ಇನ್ನೊಬ್ಬರು ಧಾರವಾಡ. ಆಮೇಲೆ ಶ್ರೀಯಾ. ಕ್ಯಾಮೆರಾ ಹಾಕಿದಳು! ಶಾಲೆಯ ಕ್ಲಾಸಿನಲ್ಲಿ ಒಂದು ದಿನವೂ ಹಾಕದವಳು.

"ನಮಸ್ಕಾರ. ನನ್ನ ಊರು ಬಾತು ಆರಾಂಗ್. ಕನ್ನಡದಲ್ಲಿ ಕಲ್ಲಿದ್ದಲು. ನಮ್ಮ ಊರಿನ ಕೆಳಗೆ ಇನ್ನೊಂದು ಊರು ಇದೆ. ಅಲ್ಲಿ ಮುನಿಯಾಂಡಿ ತಾತ ಕೆಲಸ ಮಾಡಿತ್ತು."

ಮಾಡಿತ್ತು! ತಾತನನ್ನು ನಪುಂಸಕಲಿಂಗ ಮಾಡಿಬಿಟ್ಟಳು. ಇರಲಿ. ಮುಷ್ಕರ ಹೇಳಿದಳು, ರೈಲು ಹೇಳಿದಳು, ನನ್ನ ಕ್ಯಾಲೆಂಡರ್ ನಕ್ಷೆಯನ್ನು ಎತ್ತಿ ತೋರಿಸಿದಳು. ಯಾರೋ ನಡುವೆ ಕೇಳಿದರು: "ಅದು ರವಾಂಗ್ ಹತ್ರ ಬರುತ್ತಲ್ವಾ ಪುಟ್ಟಿ?"

"ಇಲ್ಲ ಅಂಕಲ್," ಎಂದಳು. "ರವಾಂಗ್ ಬಾತು ಆರಾಂಗ್ ಹತ್ರ ಬರುತ್ತೆ."

ಇವರು ಚಪ್ಪಾಳೆ ಹೊಡೆದ ರಭಸಕ್ಕೆ ಟೀ ಚೆಲ್ಲಿತು. ನಾನು ಅತ್ತೆ. ಅತ್ತೆ ಎಂದು ಬರೆಯಲು ಸಂಕೋಚವೇನೂ ಇಲ್ಲ.

ಮುಂದಿನ ಸರದಿ ನನ್ನದು. ಕೈಯಲ್ಲಿ ಕಾರ್ಕಳದ ಎರಡು ಹಾಳೆ. ಅಷ್ಟರಲ್ಲಿ ಮ್ಯೂಟ್ ಮಾಡಲು ಬಾರದ ಚಿಕ್ಕಮ್ಮನ ಧ್ವನಿ ಎಲ್ಲರ ಮನೆಯಲ್ಲೂ ಕೇಳಿತು.

"ದೇವಕೀ, ಮಗು ಎಂತ ಹೇಳಿದ್ದು? ನೀವು ಕೆ.ಎಲ್.ನಲ್ಲಿ ಅಲ್ವಾ ಇರೂದು?"

ಗೋಪಿನಾಥರು ಆಮೇಲೆ ಮಾತಾಡೋಣ ಅಜ್ಜಿ ಎಂದು ಏನೋ ಹೇಳಿದರು. ಇವರು ನನ್ನ ಕಡೆ ನೋಡಲಿಲ್ಲ, ಚೆಲ್ಲಿದ ಟೀ ಒರೆಸುತ್ತಿದ್ದರು.

ಹಾಳೆಗಳನ್ನು ಕೆಳಗಿಟ್ಟೆ.

"ಅಲ್ಲ ಚಿಕ್ಕಮ್ಮ. ಏಳು ವರ್ಷದಿಂದ ನಿಮ್ಮ ಹತ್ರ ಸುಳ್ಳು ಹೇಳಿದ್ದೆ."

"ಹೌದಾ? ಅದಕ್ಕೆಂತ ಮಾಡೂದು," ಎಂದರು ಚಿಕ್ಕಮ್ಮ. ಏನೋ ಹುಡುಕುವ ಸದ್ದು. "ನಿಲ್ಲು, ಪೆನ್ನು ತಕ್ಕೊಳ್ತೆ. ಅಡ್ರೆಸ್ ಸರಿಯಾಗಿ ಹೇಳು."

ಹೇಳಿದೆ. ಮನೆ ನಂಬರು. ಜಾಲನ್, ಅಂದರೆ ರಸ್ತೆಯ ಹೆಸರು. ಚಿಕ್ಕಮ್ಮ ಒಂದೊಂದೇ ಅಕ್ಷರ ಉಚ್ಚರಿಸುತ್ತ ಬರೆದುಕೊಂಡರು. "ಊರು?" ಎಂದು ಕೇಳಿದರು. ಶ್ರೀಯಾ ನನ್ನನ್ನೇ ನೋಡುತ್ತಿದ್ದಳು. ಅರವತ್ತು ಮಂದಿಗೂ ಕೇಳುವ ಹಾಗೆ ಹೇಳಿದೆ: "ನಮ್ಮ ಊರು ಬಾತು ಆರಾಂಗ್."